ಯುದ್ಧಚೂರಿ ಮತ್ತು ಬೇಟೆಚೂರಿ: ಅಮೆರಿಕದ ಕೈತಯಾರಿಕೆ

ಅಮೆರಿಕದ ಕೈತಯಾರಿಕೆಯ ಯುದ್ಧಚೂರಿ ಹುಟ್ಟಿದ್ದು ಬೇಟೆಚೂರಿಯಿಂದ. ಅದರ ಆಕಾರವನ್ನು ತಿದ್ದಿದ್ದು ಕಾಳಗಕ್ಕಿಂತ ಹೆಚ್ಚಾಗಿ ಶಿಬಿರದ ದಿನನಿತ್ಯದ ಕೆಲಸ.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಫ್ರೆಂಚ್ ಸೈನಿಕರು ಮುಳ್ಳುತಂತಿಯ ಕಬ್ಬಿಣದ ಗೂಟವನ್ನೇ ಬಾಗಿಸಿ, ತುದಿ ಚೂಪು ಮಾಡಿ ಆಯುಧವಾಗಿಸಿಕೊಂಡರು. ‘ಫ್ರೆಂಚ್ ಮೊಳೆ’ ಎಂದು ಹೆಸರಾದ ಅದಕ್ಕೆ ಇರಿಯುವುದೊಂದೇ ಗೊತ್ತು. ಶಾಂಘೈ ಪೊಲೀಸ್ ಅನುಭವದಿಂದ ಫೇರ್‌ಬೇರ್ನ್ ಮತ್ತು ಸೈಕ್ಸ್ ರೂಪಿಸಿದ, ಬ್ರಿಟಿಷ್ ಕಮಾಂಡೊಗಳ ಬಾಕು ಕೂಡ ಇದೇ ಜಾತಿಯದು: ಎರಡು ಬಾಯಿ, ಸಪೂರ ಅಲಗು. ನೋಡಲು ಸೊಗಸು, ಆದರೆ ಪೆಟ್ಟಿಗೆಯ ಮುಚ್ಚಳ ಮೀಟಿದರೆ ಮೊನೆ ಮುರಿಯುವ ಭಯ.

ಬೇರೆ ದಾರಿ ತೆರೆದದ್ದು ಮಿಶಿಗನ್‌ನ ವಿಲಿಯಂ ಸ್ಕೇಗಲ್. ತೊಗಲಿನ ಬಿಲ್ಲೆಗಳನ್ನು ಪೋಣಿಸಿ, ತುದಿಗೆ ಜಿಂಕೆಯ ಕೊಂಬು ಕೂರಿಸಿದ ಹಿಡಿ ಅವನ ಬೇಟೆಚೂರಿಗಳ ಗುರುತು. ಆ ರಾಜ್ಯದ ಸರೋವರವೊಂದರ ಬಳಿ ಯಾರೋ ದೋಣಿಯ ಬಣ್ಣ ಕೆರೆಯುತ್ತಿದ್ದದ್ದನ್ನು ಫ್ಲಾರಿಡಾದ ಬೋ ರಾಂಡಲ್ ಕಂಡ. ಅಷ್ಟು ಒರಟು ಕೆಲಸಕ್ಕೂ ಬಾಯಿ ಕೆಡದ ಆ ಚೂರಿ ಸ್ಕೇಗಲ್‌ನದು. ರಾಂಡಲ್ 1937ರಲ್ಲಿ ಕಾರಿನ ಸ್ಪ್ರಿಂಗ್ ಪಟ್ಟಿ ಬಡಿದು ತನ್ನ ಮೊದಲ ಚೂರಿ ಮಾಡಿದ.

ಅಮೆರಿಕ ಎರಡನೆಯ ಮಹಾಯುದ್ಧಕ್ಕಿಳಿದ ಮೇಲೆ ಯುವ ನಾವಿಕನೊಬ್ಬ ಅವನ ಬಳಿ ಕಾಳಗದ ಚೂರಿ ಕೇಳಿಕೊಂಡು ಬಂದ. ಹೀಗೆ ಹುಟ್ಟಿದ ‘ಮಾಡೆಲ್ 1’ ಅಪ್ಪಟ ಬಾಕು ಅಲ್ಲ. ಗಟ್ಟಿ ಬೆನ್ನು, ತುದಿಯ ಬಳಿ ಮಾತ್ರ ಬೆನ್ನಿಗೂ ಒಂದಿಷ್ಟು ಸಾಣೆ, ಬೆರಳು ಜಾರದಂತೆ ಹಿತ್ತಾಳೆಯ ಅಡ್ಡಪಟ್ಟಿ, ಹಿಂದೆ ಅದೇ ತೊಗಲಿನ ಹಿಡಿ. ಹಗ್ಗ ಕೊಯ್ಯಲೂ ಡಬ್ಬಿ ತೆರೆಯಲೂ ಒದಗುತ್ತಿದ್ದರಿಂದಲೇ ಅದು ಸೈನಿಕರ ಬಾಯಲ್ಲಿ ಹರಡಿತೆನ್ನಬೇಕು. ಬೇಡಿಕೆ ಅವನ ಕುಲುಮೆಯನ್ನು ಮೀರಿ, ಕೆಲವು ಅಲಗುಗಳನ್ನು ಮ್ಯಾಸಚೂಸೆಟ್ಸ್‌ನಲ್ಲಿ ಮಾಡಿಸಬೇಕಾಯಿತು. ರಣಭೂಮಿಯ ದುರಸ್ತಿ ಕಾರ್ಖಾನೆಗಳಲ್ಲೂ ಸೈನಿಕರು ಚೂರಿ ಮಾಡಿಕೊಳ್ಳುತ್ತಿದ್ದರು. ಬಿದ್ದ ವಿಮಾನಗಳ ಅಲ್ಯೂಮಿನಿಯಂ, ಪಾರದರ್ಶಕ ಪ್ಲಾಸ್ಟಿಕ್ ಎಷ್ಟೋ ಹಿಡಿಗಳಾದವು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಜೀವ ಉಳಿಸಿಕೊಳ್ಳುವ ಚಿಂತೆ ಮುಂದಾಯಿತು. ರಾಂಡಲ್‌ನ ‘ಮಾಡೆಲ್ 18’ರ ಬೆನ್ನಿಗೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಮಾತ್ರೆಗಳಿಗೆ ಜಾಗ. ಮುಂದೆ ಸಿನಿಮಾಗಳಿಂದ ಪ್ರಸಿದ್ಧವಾದ ಬದುಕುಳಿಕೆಯ ಚೂರಿಗೆ ಇದೇ ಹಿರಿಯಣ್ಣ.

ಚೂರಿ ಮತ್ತೆ ಬೇಟೆಗಾರನ ಕಡೆ ತಿರುಗಿದ್ದು ಬಾಬ್ ಲವ್‌ಲೆಸ್‌ನ ಕೈಯಲ್ಲಿ. ರಾಂಡಲ್ ಚೂರಿಗೆ ತಿಂಗಳುಗಟ್ಟಲೆ ಕಾಯಬೇಕೆಂದು ನ್ಯೂಯಾರ್ಕ್‌ನ ಅಂಗಡಿಯವರು ಹೇಳಿದಾಗ ಆತ ತಾನೇ ಒಂದನ್ನು ಮಾಡಿಕೊಂಡ. ಆಮೇಲೆ ಅವನು ಜನಪ್ರಿಯಗೊಳಿಸಿದ ಬೇಟೆಚೂರಿಯಲ್ಲಿ ಬೆನ್ನು ತುದಿಯತ್ತ ಇಳಿಜಾರಾಗಿ, ಮೊನೆ ತಗ್ಗಿರುತ್ತದೆ. ಪ್ರಾಣಿಯ ಚರ್ಮ ಸುಲಿಯುವಾಗ ಕರುಳಿಗೆ ಚುಚ್ಚುವುದು ಕಡಿಮೆ.