ಜೋಳದ ನಾಡೂ ಒಂದು ಜೀವಸತ್ವವೂ

ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಿಮ್ಮ ಕಣ್ಣೆದುರು ನಿಲ್ಲುವುದೇನು? ಎರೆಹೊಲ, ಭೀಮೆಯ ದಂಡೆ, ಬಿಳಿಜೋಳದ ತೆನೆ, ಹಂಚಿನ ಮೇಲೆ ಉಬ್ಬುವ ರೊಟ್ಟಿ. 1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ದಖ್ಖನಿನ ಈ ಜೋಳದೂಟವು ವೈದ್ಯಲೋಕಕ್ಕೆ ಒಂದು ಒಗಟನ್ನೊಡ್ಡಿತ್ತು.

ಬಿಸಿಲು ಬೀಳುವ ಕೈಕಾಲು, ಕೊರಳುಗಳ ಚರ್ಮ ಕಪ್ಪಿಟ್ಟು ಸುಲಿಯುವುದು, ಭೇದಿ, ಕಡೆಗೆ ಚಿತ್ತಭ್ರಮೆ: ಇದು ಪೆಲ್ಲಾಗ್ರ ರೋಗ. 1735ರಲ್ಲಿ ಸ್ಪೇನಿನ ವೈದ್ಯ ಕಸಾಲ್ ಇದನ್ನು ಮೆಕ್ಕೆಜೋಳ ತಿನ್ನುವ ಬಡವರಲ್ಲಿ ಕಂಡನು. ಇದು ಅಂಟುರೋಗವಲ್ಲ, ಊಟದ ಕೊರತೆಯಿಂದ ಬರುವುದೆಂದು ಅಮೆರಿಕದ ಗೋಲ್ಡ್‌ಬರ್ಗರ್ 1914ರಿಂದ ದುಡಿದು ತೋರಿಸಿದನು. 1937ರಲ್ಲಿ ಎಲ್ವೆಜೆಮ್, ನಾಯಿಗಳಲ್ಲಿ ಕಾಣುವ ಇಂಥದೇ ರೋಗವನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದನು. ಅದೇ ನಯಾಸಿನ್.

ಮೆಕ್ಕೆಜೋಳದಲ್ಲಿ ಈ ಸತ್ವದ ಬಹುಪಾಲು ದೇಹಕ್ಕೆ ದಕ್ಕದಂತೆ ಕಟ್ಟಿಕೊಂಡಿರುತ್ತದೆ. ನಮ್ಮ ಜೋಳದಲ್ಲಿ ನಯಾಸಿನ್‌ಗೆ ಅಂಥ ಬಡತನವಿಲ್ಲ. ಆದರೂ ಜೋಳವನ್ನೇ ನಂಬಿದ ಬಡವರಿಗೆ ರೋಗ ಬಂದಿತು! ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಂಠಯ್ಯನವರು 1960ರಲ್ಲಿ ಉತ್ತರವೊಂದನ್ನು ಮುಂದಿಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚು, ಅದು ನಯಾಸಿನ್ ಬಳಕೆಗೆ ಅಡ್ಡಬರುತ್ತದೆ. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ರೊಟ್ಟಿಯ ಜೊತೆ ಬೇಳೆ, ಹಾಲು, ಶೇಂಗಾ ಇದ್ದ ಮನೆಗೆ ಈ ಭಯ ಕಡಿಮೆ ಎಂಬುದರಲ್ಲಿ ಸಂದೇಹವಿಲ್ಲ. ಒಳ್ಳೆಯ ಧಾನ್ಯವೂ ಒಂಟಿಯಾದರೆ ಸಾಲದು.

ಇನ್ನೊಂದು ಅಧ್ಯಾಯ ಉಂಟು. ದಿನಕ್ಕೆ ಸುಮಾರು 15 ಮಿಲಿಗ್ರಾಮ್ ಸಾಕಾಗುವ ಈ ಸತ್ವವನ್ನು ಗ್ರಾಮುಗಟ್ಟಲೆ ಕೊಟ್ಟರೆ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆಂದು 1955ರಲ್ಲಿ ಕೆನಡಾದ ಆಲ್ಟ್‌ಶುಲ್, ಹೋಫರ್, ಸ್ಟೀಫನ್ ಕಂಡರು. ಬೊಜ್ಜು, ಏರಿದ ರಕ್ತದೊತ್ತಡ, ಸಕ್ಕರೆ, ಕೊಬ್ಬು ಒಟ್ಟುಗೂಡಿ ರಕ್ತನಾಳಗಳನ್ನು ಕೆಡಿಸುವ ಸ್ಥಿತಿಗೂ ಇದೇ ಮದ್ದಾದೀತೆಂಬ ಆಸೆ ಬೆಳೆಯಿತು. ಆದರೆ ಸ್ಟ್ಯಾಟಿನ್ ಔಷಧಿಯ ಜೊತೆಗೆ ಇದನ್ನು ಕೊಟ್ಟು ನಡೆಸಿದ, 2011ರಲ್ಲಿ ನಿಲ್ಲಿಸಲಾದ ಪರೀಕ್ಷೆ ಲಾಭ ತೋರಲಿಲ್ಲ. 2014ರಲ್ಲಿ ಪ್ರಕಟವಾದ, 25,673 ಜನರ ದೊಡ್ಡ ಪರೀಕ್ಷೆಯಲ್ಲಿಯೂ ಹೃದಯಾಘಾತ, ಪಾರ್ಶ್ವವಾಯುಗಳು ಗಣನೀಯವಾಗಿ ತಗ್ಗಲಿಲ್ಲ. ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವಗಳು ಮಾತ್ರ ಹೆಚ್ಚಿದವು.

ಓದುಗರೇ, ಕೊರತೆಯಿದ್ದಲ್ಲಿ ಈ ಸತ್ವ ಅಮೃತ. ಹೊಟ್ಟೆ ತುಂಬಿದವನಿಗೆ ಗುಳಿಗೆಯಾಗಿ ಸುರಿದರೆ ವರವಲ್ಲ. ವೈದ್ಯರ ಮಾತಿಲ್ಲದೆ ಅದನ್ನು ಕೊಂಡು ನುಂಗಬೇಡಿ. ಅದರ ಬದಲು ತಟ್ಟೆಯಲ್ಲಿ ರೊಟ್ಟಿಯ ಪಕ್ಕದಲ್ಲಿ ಬೇಳೆಯೂ ಪುಂಡಿಪಲ್ಯವೂ ಇದೆಯೇ ಎಂದು ನೋಡಿಕೊಳ್ಳಿ. ನೆರೆಮನೆಯವರ ತಟ್ಟೆಯಲ್ಲಿಯೂ ಇದ್ದರೆ ಇನ್ನೂ ಲೇಸು.