ಹಕ್ಕಿಯ ಚಿತ್ರ ಮತ್ತು ಅಡಿಯಲ್ಲಿನ ಹೆಸರು

ಇಂದು ಜಲವರ್ಣದಲ್ಲಿ ಹಕ್ಕಿಗಳನ್ನು ಚಿತ್ರಿಸುವವರಲ್ಲಿ ಅನೇಕರು ಛಾಯಾಚಿತ್ರವೊಂದನ್ನು ಎದುರಿಗಿಟ್ಟುಕೊಂಡೇ ಕುಂಚ ಹಿಡಿಯುತ್ತಾರೆ. ಇದನ್ನು ಬರೀ ನಕಲೆಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಹಕ್ಕಿ ಚಿತ್ರಗಾರನಿಗಾಗಿ ಎಂದೂ ಕಾದು ಕುಳಿತಿಲ್ಲ. ಅದನ್ನು ನಿಲ್ಲಿಸಿ ನೋಡಲು ಮನುಷ್ಯನು ಒಂದೊಂದು ಕಾಲದಲ್ಲಿ ಒಂದೊಂದು ಉಪಾಯವನ್ನು ಹುಡುಕಿದ್ದಾನೆ.

ಮೊಘಲ್ ಬಾದಷಹ ಜಹಾಂಗೀರನ ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರನು ಸೈಬೀರಿಯನ್ ಕ್ರೇನ್ ಹಕ್ಕಿಯನ್ನು ಚಿತ್ರಿಸಿದ್ದು 17ನೆಯ ಶತಮಾನದ ಆದಿಯಲ್ಲಿ. ಯುರೋಪಿನ ವಿಜ್ಞಾನಿಗಳು ಆ ಹಕ್ಕಿಗೆ ಶಾಸ್ತ್ರೀಯ ಹೆಸರಿಟ್ಟದ್ದು 1773ರಲ್ಲಿ! ಇರಾನಿನ ಷಾ ಕಳುಹಿಸಿದ್ದ ಡೇಗೆಯೊಂದು ಬೆಕ್ಕಿನಿಂದ ಗಾಯಗೊಂಡು ಸತ್ತ ಸಂದರ್ಭದಲ್ಲಿ, ಅದರ ರೂಪವನ್ನು ಉಳಿಸುವಂತೆ ಮನ್ಸೂರನಿಗೆ ಆಜ್ಞಾಪಿಸಿದ ಸಂಗತಿಯನ್ನು ಜಹಾಂಗೀರನೇ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ.

ಮುಂದಿನ ಮಹತ್ವದ ಅಧ್ಯಾಯ ಕಲ್ಕತ್ತೆಯದು. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆಯ ಪತ್ನಿ ಮೇರಿ ಇಂಪೆ ತಮ್ಮ ತೋಟದಲ್ಲಿ ಪಶುಪಕ್ಷಿಗಳನ್ನು ಸಾಕಿದ್ದರು. 1777ರಿಂದ 1782ರವರೆಗೆ ಅವುಗಳನ್ನು ಚಿತ್ರಿಸಿದವರು ಪಟ್ನಾದ ಷೇಕ್ ಜೈನುದ್ದೀನ್, ಭವಾನಿದಾಸ್ ಮತ್ತು ರಾಮದಾಸ್ ಎಂಬ ಮೂವರು. ಕಾಗದ ಇಂಗ್ಲೆಂಡಿನದು, ಗರಿಗರಿಯನ್ನೂ ಬಿಡಿಸಿ ತೋರಿಸುವ ಕೈಚಳಕ ಮೊಘಲರದು. 300ಕ್ಕೂ ಹೆಚ್ಚು ಚಿತ್ರಗಳು ಸಿದ್ಧವಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವು. ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಜಾನ್ ಲೇಥಮ್ ತನ್ನ ಗ್ರಂಥಕ್ಕೆ ಈ ಚಿತ್ರಗಳನ್ನು ಬಳಸಿಕೊಂಡನು. ಹಿಮಾಲಯದ ಮೊನಾಲ್ ಹಕ್ಕಿಗೆ 1790ರಲ್ಲಿ ಅವನು ಕೊಟ್ಟ ಹೆಸರು 'ಇಂಪೆಜಾನಸ್'. ಸಾಕಿದಾಕೆಯ ಹೆಸರು ಹೀಗೆ ವಿಜ್ಞಾನದಲ್ಲಿ ಶಾಶ್ವತವಾಯಿತು. ದಿನಗಟ್ಟಲೆ ಕಣ್ಣು ನೆಟ್ಟು ಚಿತ್ರಿಸಿದವರ ಹೆಸರುಗಳು ಇಂದಿಗೂ ನಮಗೆ ತಿಳಿದಿರುವುದು ಹಾಳೆಗಳ ಅಡಿಯಲ್ಲಿ ಅವುಗಳನ್ನು ಬರೆದಿಟ್ಟದ್ದರಿಂದ ಮಾತ್ರ.

ಅಮೆರಿಕದ ಆಡುಬಾನ್ ಹಿಡಿದದ್ದು ಬೇರೆಯದೇ ದಾರಿ. ಹಕ್ಕಿಗಳನ್ನು ಕೋವಿಯಿಂದ ಹೊಡೆದು, ತಂತಿಯಿಂದ ಹಲಗೆಗೆ ಬಿಗಿದು, ಹಾರುವ ಭಂಗಿಗೆ ತಂದು ಚಿತ್ರಿಸುತ್ತಿದ್ದನು. 1827ರಿಂದ 1838ರವರೆಗೆ ಪ್ರಕಟವಾದ ಅವನ ಮಹಾಗ್ರಂಥದಲ್ಲಿ 435 ಚಿತ್ರಗಳಿವೆ. ಅವುಗಳ ಸೊಬಗಿನ ಹಿಂದೆ ಎಷ್ಟು ಸಾವುಗಳಿವೆಯೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದದ್ದು ತರುವಾಯ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1895ರಲ್ಲಿ ಹಕ್ಕಿಗಳ ಗೂಡುಗಳನ್ನು ಕುರಿತು ಛಾಯಾಚಿತ್ರಗಳಿಂದಲೇ ಸಜ್ಜುಗೊಳಿಸಿದ ಪುಸ್ತಕವನ್ನು ಹೊರತಂದರು. ನಮ್ಮಲ್ಲಿಯೂ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಪರಿಸರದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ್ದು ಕನ್ನಡಿಗರಿಗೆಲ್ಲ ತಿಳಿದದ್ದೇ.

ಛಾಯಾಚಿತ್ರಕ್ಕೂ ಮಿತಿಯುಂಟು. ಗಂಡು ಸೂರಕ್ಕಿಯು ನೆರಳಿನಲ್ಲಿ ಬರೀ ಕಪ್ಪಾಗಿಯೂ ಬಿಸಿಲಿನಲ್ಲಿ ನೇರಳೆ ಹೊಳಪಿನಿಂದಲೂ ಕಾಣುತ್ತದೆ. ಕ್ಯಾಮೆರಾ ಹಿಡಿಯುವುದು ಒಂದು ಕ್ಷಣದ ಬೆಳಕನ್ನಷ್ಟೆ. ಆದ್ದರಿಂದ ಚಿತ್ರ ಬರೆಯುವವರು ಒಂದೇ ಹಕ್ಕಿಯ ಹಲವು ಛಾಯಾಚಿತ್ರಗಳನ್ನು ಹೋಲಿಸಿ ನೋಡಬೇಕು. ಸಾಧ್ಯವಾದರೆ ಹಿತ್ತಿಲಿನ ಗಿಡದ ಬಳಿಯೂ ಕುಳಿತು ಗಮನಿಸಬೇಕು. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಅದನ್ನು ಎಲ್ಲಿ ಉಳಿಸಬೇಕೆಂಬ ನಿರ್ಧಾರ ಕಲಾವಿದನದೇ ಹೊರತು ಕ್ಯಾಮೆರಾದ್ದಲ್ಲ. ಇಷ್ಟಾದ ಮೇಲೆ ಅದನ್ನು ನಕಲೆನ್ನುವುದು ಹೇಗೆ?

ಆದರೆ ಒಂದು ಋಣವಂತೂ ಉಳಿಯುತ್ತದೆ. ಬೆಳಗಿನ ಚಳಿಯಲ್ಲಿ ಪೊದೆಯ ಮರೆಯಲ್ಲಿ ಕಾದು ಆ ಛಾಯಾಚಿತ್ರ ತೆಗೆದವರೊಬ್ಬರು ಇದ್ದಾರೆ. ಅವರ ಅನುಮತಿ ಕೇಳಿ, ಚಿತ್ರದ ಅಡಿಯಲ್ಲಿ ಅವರ ಹೆಸರನ್ನೂ ಬರೆಯುವುದು ಧರ್ಮ. ಜೈನುದ್ದೀನನನ್ನು ನಮಗೆ ಉಳಿಸಿಕೊಟ್ಟದ್ದು ಅಂಥದೊಂದು ಸಾಲೇ ಅಲ್ಲವೆ?