ಶಿವಪುರಕ್ಕೆ ದಾರಿ ಯಾವುದು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಅವರಲ್ಲಿ ಒಂದಿಬ್ಬರಿಗೆ ಅದ್ಭುತ ಲೋಕದ ಕಾದಂಬರಿ ಬರೆಯಬೇಕೆಂಬ ಹಂಬಲ. ಹ್ಯಾರಿ ಪಾಟರನ ಮಾಂತ್ರಿಕ ಶಾಲೆಯನ್ನು ಓದುತ್ತ ಬೆಳೆದವರು. ಅವರು ಕೇಳುವ ಪ್ರಶ್ನೆ ಇದು: "ತಾತ, ಆ ಲೇಖಕರಿಗೆ ಅಂಥ ಲೋಕ ಹೊಳೆಯುವುದು ಹೇಗೆ? ನಮ್ಮ ಜಯನಗರದಲ್ಲಿ ಕಾಂಪ್ಲೆಕ್ಸು, ಮೆಟ್ರೋ, ಟ್ರಾಫಿಕ್ಕು ಬಿಟ್ಟರೆ ಬರೆಯುವುದಕ್ಕೆ ಏನಿದೆ?"

ಪ್ರಶ್ನೆ ಸಣ್ಣದಲ್ಲ. ಕಲ್ಪನೆಯೆಂಬುದು ಆಕಾಶದಿಂದ ಇಳಿದು ಬರುವ ವಸ್ತು, ಅದು ಬೇರೆ ದೇಶದವರಿಗೆ ಮಾತ್ರ ಲಭ್ಯ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದರೆ ಅವರು ತಮ್ಮ ಮನೆಯ ಹೊಸ್ತಿಲನ್ನೇ ಮರೆಯುತ್ತಾರೆ. ಆದುದರಿಂದ ನಮ್ಮ ಕಾಲದ, ನಮ್ಮ ಭಾಷೆಯ ಒಬ್ಬ ಲೇಖಕರ ಬದುಕನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಕಾವ್ಯ ಹುಟ್ಟುವುದಕ್ಕೆ ಮೂರು ಕಾರಣಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಮೊದಲನೆಯದು ಹುಟ್ಟಿನಿಂದ ಬರುವುದು. ಅದರ ಬಗ್ಗೆ ಮೇಷ್ಟರು ಮಾಡಬಹುದಾದದ್ದು ಕಡಿಮೆ. ಆದರೆ ವ್ಯುತ್ಪತ್ತಿಯೆಂದರೆ ಲೋಕವನ್ನೂ ಶಾಸ್ತ್ರವನ್ನೂ ಹಿಂದಿನವರ ಕಾವ್ಯವನ್ನೂ ಕಂಡು, ಕೇಳಿ, ಓದಿ ಪಡೆಯುವ ತಿಳಿವಳಿಕೆ. ಅಭ್ಯಾಸವೆಂದರೆ ಬಿಡದೆ ಮಾಡುವ ಸಾಧನೆ. ಇವೆರಡೂ ಕೃಷಿಯಿಂದ ಬರುವಂಥವು.

ಚಂದ್ರಶೇಖರ ಕಂಬಾರರು 1937ರ ಜನವರಿ 2ರಂದು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದರು. ಅವರ ಮನೆತನದ ಕಸುಬು ಹೆಸರಿನಲ್ಲಿಯೇ ಇದೆ: ಕಬ್ಬಿಣದ ಕೆಲಸ. ಬಡತನದಿಂದಾಗಿ ಓದು ನಿಂತುಹೋಗುವ ಸ್ಥಿತಿ ಬಂದಾಗ ಸವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧನೆ; ಆನಂತರ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲದ ಅಧ್ಯಾಪನ; 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದದ್ದು ನಿಮಗೆಲ್ಲ ನೆನಪಿರಬಹುದು.

ಇಷ್ಟೆಲ್ಲ ಊರುಗಳನ್ನು ಕಂಡವರು ಬರೆದದ್ದು ಯಾವ ಊರಿನ ಬಗ್ಗೆ? ಶಿವಪುರ! ಭೂಪಟದಲ್ಲಿ ಹುಡುಕಿದರೆ ಅವರ ಶಿವಪುರ ಸಿಗದು. ಅದು ಅವರ ಕಲ್ಪನೆಯ ಊರು. ಆದರೆ ಅದರ ಮಣ್ಣು ಘೋಡಗೇರಿಯದು. 'ಕರಿಮಾಯಿ' (1975) ಕಾದಂಬರಿಯಲ್ಲಿ ಅದು ಊರದೇವತೆಯ ನೆರಳಿನಲ್ಲಿ ಬದುಕುವ ಹಳ್ಳಿ. 2006ರ 'ಶಿಖರಸೂರ್ಯ'ದ ಹೊತ್ತಿಗೆ ಅದು ಪುರಾಣಕಾಲದ ನೆಲೆಯಾಗಿ, ಚಿನ್ನದ ಹಂಬಲದ ಕನಕಪುರಿಗೆ ಎದುರಾಗಿ ನಿಲ್ಲುತ್ತದೆ. ಲೇಖಕರ ವಾಸ ಬೆಂಗಳೂರಿನಲ್ಲಿದ್ದರೂ ಮನಸ್ಸು ಒಂದೇ ಊರನ್ನು ದಶಕಗಳ ಕಾಲ ಉಳುತ್ತ ಬಂದಿತು. ಅಭ್ಯಾಸವೆಂದರೆ ಇದೇ. ಒಂದೊಂದು ಪುಸ್ತಕಕ್ಕೆ ಒಂದೊಂದು ಹೊಸ ಲೋಕವನ್ನು ಹುಡುಕಿಕೊಂಡು ಅವರು ಹೋಗಲಿಲ್ಲ. ಇದ್ದ ಒಂದನ್ನೇ ಆಳವಾಗಿ ಅಗೆದರು.

ಇನ್ನು ವ್ಯುತ್ಪತ್ತಿ. ಊರಿನ ನೆನಪು ಸಾಕೆಂದು ಕಂಬಾರರು ಸುಮ್ಮನಿರಲಿಲ್ಲ. ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ಮಾಡಿದರು. ಹಾಡು, ಬಯಲಾಟಗಳನ್ನು ಸಂಗ್ರಹಿಸಿದರು. 1985ರಲ್ಲಿ ಪ್ರಕಟವಾದ 'ಕನ್ನಡ ಜಾನಪದ ವಿಶ್ವಕೋಶ'ದ ಎರಡು ಸಂಪುಟಗಳು ಅವರ ಸಂಪಾದಕತ್ವದಲ್ಲಿ ಬಂದವು. ಅದ್ಭುತವನ್ನು ಬರೆಯುವವನು ಮೊದಲು ಅದನ್ನು ನಂಬಿದ ಜನರ ಮಾತನ್ನು ತಾಳ್ಮೆಯಿಂದ ಕೇಳಿ ಬರೆದಿಟ್ಟುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಈ ಕೇಳುವಿಕೆ ಏನನ್ನು ಕೊಡುತ್ತದೆ ಎನ್ನುವುದಕ್ಕೆ ಅವರ ಒಂದು ನಾಟಕವನ್ನೇ ನೋಡಿ. ಉತ್ತರ ಕರ್ನಾಟಕದಲ್ಲಿ ಭಾದ್ರಪದ ಮಾಸದಲ್ಲಿ, ಗಣಪತಿಯ ಹಬ್ಬ ಕಳೆದ ಮೇಲೆ, ಹೆಂಗಸರು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಆತನ ಆಯುಷ್ಯ ಏಳೇ ದಿನ, ಹುಣ್ಣಿಮೆಗೆ ಸಾವು. ಮಳೆ, ಬೆಳೆ, ಸಂತಾನಗಳಿಗೆ ಸಂಬಂಧಪಟ್ಟ ಈ ಆಚರಣೆಯಿಂದ ಕಂಬಾರರ 'ಜೋಕುಮಾರಸ್ವಾಮಿ' ಹುಟ್ಟಿತು. 1972ರಲ್ಲಿ ಅದು ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ರಂಗವನ್ನೇರಿತು. ಮೇಲ್ನೋಟಕ್ಕೆ ಅದು ಮಕ್ಕಳಿಲ್ಲದ ಗೌಡತಿಯ ಹರಕೆಯ ಕಥೆ. ಒಳಗೆ ಇರುವುದು, ಭೂಮಿ ಯಾರದು, ಉಳುವವನದೋ ಬಂದೂಕು ಹಿಡಿದವನದೋ ಎಂಬ ಪ್ರಶ್ನೆ. ಅದ್ಭುತವು ಲೋಕದಿಂದ ಓಡಿಹೋಗುವ ದಾರಿಯಲ್ಲ. ನೇರವಾಗಿ ಆಡಲಾಗದ ಸತ್ಯವನ್ನು ಆಡುವ ಉಪಾಯ.

ಹೊರದೇಶದ ಮಾತಿಗೂ ಬರೋಣ. ಕಂಬಾರರು ಹುಟ್ಟಿದ 1937ರಲ್ಲಿಯೇ ಇಂಗ್ಲೆಂಡಿನಲ್ಲಿ ಟೋಲ್ಕಿನ್ ಅವರ 'ದಿ ಹಾಬಿಟ್' ಪ್ರಕಟವಾಯಿತು. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರು. ಬಾಲ್ಯದಲ್ಲಿ ನಾಲ್ಕು ವರ್ಷ ಬರ್ಮಿಂಗ್‌ಹ್ಯಾಮ್ ಬಳಿಯ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿದ್ದರು. ಅಲ್ಲಿನ ನೀರಿನ ಗಿರಣಿ, ಹಸಿರು ಹೊಲಗಳ ನೆನಪೇ ಮುಂದೆ ಅವರ ಹಾಬಿಟ್‌ಗಳ ನಾಡಿಗೆ ಆಧಾರವಾಯಿತು. ಒಬ್ಬರಿಗೆ ಘೋಡಗೇರಿ, ಮತ್ತೊಬ್ಬರಿಗೆ ಸೇರ್‌ಹೋಲ್. ಒಬ್ಬರಿಗೆ ಬಯಲಾಟ, ಮತ್ತೊಬ್ಬರಿಗೆ ಹಳೆಯ ಭಾಷೆಯ ಕಾವ್ಯ. ಪರಸ್ಪರ ಸಂಬಂಧವಿಲ್ಲದ ಇಬ್ಬರ ಬೇಸಾಯದ ಕ್ರಮ ಮಾತ್ರ ಒಂದೇ.

"ನಮಗೆ ಹಳ್ಳಿಯೇ ಇಲ್ಲವಲ್ಲ" ಎಂದು ನೀವು ಕೇಳಬಹುದು. ಬಿಟಿಎಂ ಲೇಔಟ್ ಎಂಬ ಹೆಸರನ್ನು ಒಮ್ಮೆ ಬಿಡಿಸಿ ನೋಡಿ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಮೂರು ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದೇವೆ. ಯಡಿಯೂರು, ಕತ್ತರಿಗುಪ್ಪೆ, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ ಇವೆಲ್ಲ ಬಡಾವಣೆಗಳಿಗಿಂತ ಮೊದಲೇ ಇದ್ದ ಊರುಗಳು. ಬಸವನಗುಡಿಯ ಕಥೆಯಂತೂ ಅದ್ಭುತವೇ ಸರಿ. ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದ ಬಸವ ಕಲ್ಲಾದದ್ದು, ಆ ಕಲ್ಲು ಬೆಳೆಯುತ್ತಲೇ ಹೋದದ್ದು, ಬೆಳವಣಿಗೆ ನಿಲ್ಲಲೆಂದು ನೆತ್ತಿಯ ಮೇಲೆ ತ್ರಿಶೂಲವನ್ನಿಟ್ಟದ್ದು ಎಂದೆಲ್ಲ ಹಿರಿಯರು ಹೇಳುತ್ತ ಬಂದಿದ್ದಾರೆ. ಇಂದಿಗೂ ಕಾರ್ತಿಕದ ಕೊನೆಯ ಸೋಮವಾರ ಅಲ್ಲಿ ಪರಿಷೆ ಸೇರುತ್ತದೆ. ಬೆಳೆಯುವ ಕಲ್ಲಿನ ಕಥೆ ಕೈಯಳತೆಯಲ್ಲಿರುವಾಗ ಡ್ರ್ಯಾಗನ್ನನ್ನು ಎರವಲು ತರಬೇಕಾದ ಅಗತ್ಯವೇನು?

ಮತ್ತೂ ದಕ್ಷಿಣಕ್ಕೆ ಹೋದರೆ ಬೇಗೂರು. ಸುಮಾರು ಕ್ರಿ.ಶ. 890ರದೆಂದು ಹೇಳಲಾಗುವ ಅಲ್ಲಿಯ ಶಾಸನವು ಬೆಂಗಳೂರು ಕಾಳಗದಲ್ಲಿ ಮಡಿದವರನ್ನು ಸ್ಮರಿಸುತ್ತದೆ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂತೆಂಬ ಕಥೆಯನ್ನು ನಾವು ಶಾಲೆಯಲ್ಲಿ ಹೇಳುತ್ತಿದ್ದೆವು. ಆ ಅರಸನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಹೆಸರು ಕಲ್ಲಿನ ಮೇಲಿತ್ತು. ಚರಿತ್ರಕಾರನಿಗೆ ಕಲ್ಲು ಮುಖ್ಯ. ಆದರೆ ಹಸಿದ ಅರಸನಿಗೆ ಬಡ ಅಜ್ಜಿ ಅನ್ನವಿಟ್ಟಳೆಂಬ ಕಥೆಯನ್ನು ಜನ ಏಕೆ ಕಟ್ಟಿಕೊಂಡರು? ಕಾದಂಬರಿಕಾರನ ಕೆಲಸ ಆರಂಭವಾಗುವುದು ಆ 'ಏಕೆ' ಎಂಬಲ್ಲಿ. ಎರಡನ್ನೂ ತಿಳಿದಿರಬೇಕು, ಒಂದನ್ನು ಮತ್ತೊಂದೆಂದು ಭ್ರಮಿಸಬಾರದು.

ಹಲವು ವರ್ಷ ನಮ್ಮ ಜೆ.ಪಿ. ನಗರದಲ್ಲಿ ವಾಸವಾಗಿದ್ದ ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಾಟಕವೂ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳಿಂದ ಬೆಳೆದದ್ದು. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಕಥೆಯಲ್ಲಿ ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕಥೆ, ಹಾಡುಗಳು ಆಕೆ ಮಲಗಿದ್ದಾಗ ಹೊರಬಿದ್ದು ಪರಪುರುಷನ ಅಂಗಿ, ಪಾದರಕ್ಷೆಗಳ ರೂಪ ತಳೆದು ಗಂಡಹೆಂಡಿರ ನಡುವೆ ಜಗಳ ಹಚ್ಚಿದುವಂತೆ! ಹೇಳದೆ ಉಳಿದ ಕಥೆ ಸುಮ್ಮನಿರುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

ನನ್ನನ್ನು ಕಾಡುವ ಚಿಂತೆಯೂ ಅದೇ. ಈ ಬಡಾವಣೆಗಳು ಹೊಲಗದ್ದೆಗಳಾಗಿದ್ದುದನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರೊಂದಿಗೆ ಕೆರೆಯ ಏರಿಯ ದೆವ್ವವೂ, ಗಡಿಯ ಮಾರಮ್ಮನೂ, ಹುಣಸೆಮರದ ಮುನೇಶ್ವರನೂ ಹೋಗಿಬಿಡುತ್ತಾರೆ. ಪುಸ್ತಕದಂಗಡಿಯಲ್ಲಿ ದೊರೆಯದ ವ್ಯುತ್ಪತ್ತಿ ಅದು.

ಆದುದರಿಂದ ಬರೆಯಬಯಸುವ ಮಕ್ಕಳಿಗೆ ನನ್ನ ಸಲಹೆ ಇಷ್ಟೆ. ಹ್ಯಾರಿ ಪಾಟರನ್ನು ಓದಿ, ಬೇಡವೆನ್ನುವುದಿಲ್ಲ. ಜೊತೆಗೆ ಮನೆಯ ಅಜ್ಜಿ, ತಾತಂದಿರ ಬಳಿ ಕುಳಿತು ಅವರ ಊರಿನ ಒಂದು ಕಥೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ನೀವು ವಾಸಿಸುವ ಬೀದಿ ಹಿಂದೆ ಯಾವ ಹಳ್ಳಿಯ ಹೊಲವಾಗಿತ್ತೆಂದು ವಿಚಾರಿಸಿ. ಆ ಒಂದು ತುಂಡು ನೆಲವನ್ನು ಹತ್ತು ವರ್ಷ ಬಿಡದೆ ಉಳಿ. ಬೆಳೆ ಬಂದೇ ಬರುತ್ತದೆ. ಪೋಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಅಂಥ ಒಂದು ಕಥೆಯನ್ನು ನನಗೂ ಬರೆದು ತಿಳಿಸಿದರೆ ಸಂತೋಷದಿಂದ ಓದುತ್ತೇನೆ.